ತೆನೆ ಸುಲಿಯುವ ಮನೆಯ ಸೊಸೆ

ಆ ಮನೆಗೆ ಅವಳು ಮೊದಲ ಸಲ ಕಾಲಿಟ್ಟದ್ದು ಸೊಸೆಯಾಗಿ ಅಲ್ಲ, ಗಿರಾಕಿಯಾಗಿ. ಚಿಕ್ಕಪ್ಪನ ಹೊಲದ ಮುಸುಕಿನ ಜೋಳವನ್ನು ಗಾಡಿಗೆ ಹೇರಿಕೊಂಡು ಬಂದಾಗ, ಮೂಟೆ ಇಳಿಸಲು ಒಂದು ಕೈ ಇರಲಿ ಎಂದು ಅವನು ಅವಳನ್ನೂ ಕರೆತಂದಿದ್ದ. ಊರಂಚಿನ ಬೀದಿ. ಎದುರಿಗೆ ಇಸ್ತ್ರಿ ಅಂಗಡಿ, ಪಕ್ಕಕ್ಕೆ ವೆಲ್ಡಿಂಗ್ ಅಂಗಡಿ. ಮನೆಯ ಮುಂಭಾಗದಲ್ಲಿ ಎರಡು ಕೋಣೆ, ಹಿಂದೆ ತಗಡು ಹೊದಿಸಿದ ಶೆಡ್ಡು. ಶೆಡ್ಡಿನ ನಡುವೆ ತೆನೆ ಸುಲಿಯುವ ಮಿಷನ್ನು.

ಮಿಷನ್ನು ಎಂದರೆ ದೊಡ್ಡದೇನಲ್ಲ. ಸೊಂಟದೆತ್ತರದ ಕಬ್ಬಿಣದ ಚೌಕಟ್ಟು, ಅದರ ಮೇಲೆ ರಬ್ಬರು ಹೊದಿಸಿದ ಎರಡು ಉರುಳೆಗಳು ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ಪಕ್ಕದಲ್ಲಿ ಕಬ್ಬಿಣದ ದೊಡ್ಡ ಚಕ್ರ, ಚಕ್ರಕ್ಕೆ ಮರದ ಹಿಡಿ. ಒಬ್ಬರು ನಿಂತು ಹಿಡಿ ತಿರುಗಿಸಬೇಕು, ಇನ್ನೊಬ್ಬರು ಎದುರಿಗೆ ಕೂತು ತೆನೆ ಕೊಡಬೇಕು. ಉರುಳೆಗಳು ಒಳಮುಖವಾಗಿ ತಿರುಗುತ್ತ ತೆನೆಯ ಸಿಪ್ಪೆಯನ್ನು ಕಚ್ಚಿ ಕೆಳಕ್ಕೆ ಎಳೆದುಕೊಳ್ಳುತ್ತಿದ್ದವು. ಬೆತ್ತಲೆಯಾದ ತೆನೆ ತಗಡಿನ ಇಳಿಜಾರಿನಲ್ಲಿ ಉರುಳಿ ಬುಟ್ಟಿಗೆ ಬೀಳುತ್ತಿತ್ತು.

ಅವತ್ತು ಹಿಡಿ ತಿರುಗಿಸುತ್ತಿದ್ದದ್ದು ಮನೆಯೊಡತಿ. ಗಂಡ ತೀರಿಕೊಂಡು ವರ್ಷ ಕಳೆದಿರಲಿಲ್ಲ. ಮಗ ತೆನೆ ಕೊಡುತ್ತಿದ್ದ. ನಾಲ್ಕು ಬುಟ್ಟಿ ತುಂಬುವಷ್ಟರಲ್ಲಿ ಆಕೆ ಸುಸ್ತಾಗಿ ನಿಂತರು. ಮೂಟೆಯ ಮೇಲೆ ಕೂತಿದ್ದ ಹುಡುಗಿ ಎದ್ದು ಬಂದು, "ನಾನು ತಿರುಗಿಸ್ಲಾ?" ಎಂದಳು. ಆಟಕ್ಕೆ ಕೇಳಿದ್ದು ಅಷ್ಟೇ. ಹತ್ತೊಂಬತ್ತರ ಪ್ರಾಯ, ಕೈಯಲ್ಲಿ ಕಸುವಿತ್ತು, ಮಿಷನ್ನು ಅವಳಿಗೆ ಹೊಸದಾಗಿತ್ತು.

ಆ ಚಕ್ರ ಎಲ್ಲರ ಮಾತು ಕೇಳುವಂಥದಲ್ಲ. ಅದರ ಅಂಚು ಯಾವಾಗಲೋ ಒಂದು ಕಡೆ ಸೀಳಿ, ಸತ್ತ ಯಜಮಾನರು ಅಲ್ಲಿಗೆ ಒಂದು ಕಬ್ಬಿಣದ ಗಡ್ಡೆಯನ್ನು ಬೆಸುಗೆ ಹಾಕಿಸಿದ್ದರು. ಗಡ್ಡೆ ಮೇಲೇರುವಾಗ ಎತ್ತಿ ಕೊಡಬೇಕು. ನೆತ್ತಿ ದಾಟಿತೆಂದರೆ ತಾನಾಗಿಯೇ ಬೀಳುತ್ತದೆ, ಆಗ ತಡೆಹಿಡಿದು ಇಳಿಸಬೇಕು. ಹಿಂದಕ್ಕೆ ತಿರುಗಿ ಯಾರ ಗದ್ದವನ್ನೂ ಒಡೆಯದಿರಲಿ ಎಂದು ಯಜಮಾನರು ಒಂದು ಕಬ್ಬಿಣದ ನಾಲಿಗೆಯನ್ನೂ ಕೂರಿಸಿದ್ದರು. ಅದು ಅಚ್ಚಿನ ಹಲ್ಲುಗಳ ಮೇಲೆ ಟಕಟಕ ಬೀಳುತ್ತ ಚಕ್ರವನ್ನು ಮುಂದಕ್ಕೆ ಬಿಡುತ್ತಿತ್ತೇ ಹೊರತು ಹಿಂದಕ್ಕೆ ಕೂದಲೆಳೆಯಷ್ಟೂ ಬಿಡುತ್ತಿರಲಿಲ್ಲ. ಹೊಸಬರು ಹಿಡಿದರೆ ಎರಡು ಸುತ್ತಿಗೇ ತೋಳು ಕೀಳುತ್ತಿತ್ತು. ಈ ಹುಡುಗಿ ಮೂರನೆಯ ಸುತ್ತಿಗೆ ಅದರ ಲಯ ಹಿಡಿದುಬಿಟ್ಟಳು.

ಮನೆಯೊಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಕೈ ಚೆನ್ನಾಗಿದೆ" ಎಂದರು.

ಹುಡುಗಿ ಹಿಗ್ಗಿದಳು. ಅವಳ ಮನೆಯಲ್ಲಿ ಅವಳನ್ನು ಹೊಗಳುವ ಪದ್ಧತಿಯೇ ಇರಲಿಲ್ಲ. ಅಂಗಳದ ನಲ್ಲಿಯಲ್ಲಿ ಕೈ ತೊಳೆಯುವಾಗ ತನ್ನ ಬೆರಳುಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. ತಿಂಗಳೊಪ್ಪತ್ತಿನಲ್ಲಿ ಆ ಮನೆಯಿಂದ ಸಂಬಂಧ ಕೇಳಿಕೊಂಡು ಬಂದರು. ಹುಡುಗ ಸಾಧು, ಕುಡಿಯುವುದಿಲ್ಲ, ಮನೆಗೊಂದು ಕಸುಬಿದೆ ಎಂದು ಚಿಕ್ಕಪ್ಪ ಹೇಳಿದ. ಇವಳು ಬೇಡ ಎನ್ನಲು ಕಾರಣ ಹುಡುಕಿದಳು, ಸಿಗಲಿಲ್ಲ.

ಗಂಡ ನಿಜಕ್ಕೂ ಸಾಧುವೇ. ತಾಯಿ ಏನು ಹೇಳಿದರೂ "ಆಯ್ತಮ್ಮ" ಎನ್ನುತ್ತಿದ್ದ. ಎದುರು ಅಂಗಡಿಯ ಇಸ್ತ್ರಿಯವಳು ಅವನಿಗೆ ಆಯ್ತಮ್ಮ ಎಂದೇ ಹೆಸರಿಟ್ಟಿದ್ದಳು. "ನಿಮ್ಮ ಆಯ್ತಮ್ಮ ಎಲ್ಲಿ, ಕಾಣಲ್ಲ?" ಎಂದು ಇವಳನ್ನು ಕೇಳಿ ತಾನೇ ನಗುತ್ತಿದ್ದಳು. ಮದುವೆಯಾದ ವಾರಕ್ಕೆ ಅತ್ತೆ ಹಿಡಿಯನ್ನು ಬಟ್ಟೆಯಿಂದ ಒರೆಸಿ, "ಬಾ, ಹಿಡ್ಕೋ" ಎಂದರು. ತಾವು ಹೋಗಿ ಎದುರಿನ ಮಣೆಯ ಮೇಲೆ ಕೂತರು. ಮಗನಿಗೆ, "ಇನ್ನು ನೀನು ಹೊರಗಿನ ವ್ಯವಹಾರ ನೋಡ್ಕೋ" ಎಂದರು. ಅವನು ಆಯ್ತಮ್ಮ ಎಂದು ಗಾಡಿ ತೆಗೆದುಕೊಂಡು ಹೋದ.

ಹಾಗೆ ಕೂತವರು ಹಾಗೇ ಕೂತರು, ನಿಂತವಳು ಹಾಗೇ ನಿಂತಳು.

ಕರೆಂಟಿನ ಮಿಷನ್ನು ಊರಿಗೆ ಬಂದಾಗ ಇನ್ನು ಇದು ಮೂಲೆಗೆ ಸೇರುತ್ತದೆ ಎಂದು ಅವಳು ಆಸೆಪಟ್ಟಿದ್ದಳು. ಆದರೆ ಅದು ಸಿಪ್ಪೆಯನ್ನು ಚಿಂದಿ ಮಾಡಿ ಉಗುಳುತ್ತಿತ್ತು. ಕೈಮಿಷನ್ನಿನ ಸಿಪ್ಪೆ ಎಲೆ ಎಲೆಯಾಗಿ, ಹರಿಯದೆ ಬೀಳುತ್ತಿತ್ತು. ಹಣ್ಣು ಪ್ಯಾಕ್ ಮಾಡುವ ಶೆಡ್ಡಿನವರಿಗೆ ಪೆಟ್ಟಿಗೆಯೊಳಗೆ ಹಾಸಲು ಅಂಥದೇ ಬೇಕು. ಬೇರೆಯವರೆಲ್ಲ ಕೈಮಿಷನ್ನು ಗುಜರಿಗೆ ಹಾಕಿದ ಮೇಲೆ ಇವರ ಮನೆಗೆ ಗಿರಾಕಿ ಇನ್ನೂ ಹೆಚ್ಚಿದರು. "ನೋಡಿದೆಯಾ? ಕೈ ಹಿಡಿದ ಕೆಲಸ ಕೈ ಬಿಡಲ್ಲ" ಎಂದರು ಅತ್ತೆ. ಅವರು ಸಂತೋಷದಿಂದಲೇ ಹೇಳಿದ್ದು. ಇವಳಿಗೆ ಬೈಗುಳದ ಹಾಗೆ ಕೇಳಿಸಿತು.

ಶೆಡ್ಡಿಗೆ ಕಿಟಕಿಯಿರಲಿಲ್ಲ. ಗಾಳಿಗೆ ಸಿಪ್ಪೆ ಹಾರುತ್ತದೆಂದು ಬಾಗಿಲನ್ನೂ ಮುಚ್ಚುತ್ತಿದ್ದರು. ತಗಡಿನ ಸಂದುಗಳಿಂದ ಬೀಳುವ ಬಿಸಿಲಿನ ಕೋಲುಗಳಲ್ಲಿ ಜೋಳದ ನವಿರು ಧೂಳು ತೇಲುತ್ತಿತ್ತು, ಕತ್ತಿಗೆ ಅಂಟಿ ಕಡಿಯುತ್ತಿತ್ತು. ಕೆಲಸದ ನಡುವೆ ಅತ್ತೆ ಸೊಸೆಯ ನಡುವೆ ಎರಡೇ ಮಾತು. ತೆನೆ ಇಟ್ಟು ಅತ್ತೆ "ಹೂಂ" ಎಂದರೆ ಇವಳು ತಿರುಗಿಸಬೇಕು. ಸಿಪ್ಪೆ ಸಿಕ್ಕಿಕೊಂಡಾಗ "ಇರು" ಎಂದರೆ ನಿಲ್ಲಿಸಬೇಕು. ಅವರು ಒಂದು ಮರದ ಚಕ್ಕೆಯಿಂದ ಸಿಕ್ಕು ಬಿಡಿಸಿ ಮತ್ತೆ "ಹೂಂ" ಎನ್ನುತ್ತಿದ್ದರು. ಉರುಳೆಯ ಬಾಯಿ ಕಾಣುವುದು ಕೂತವರಿಗೆ ಮಾತ್ರ. ಹಿಡಿಯ ಕಡೆಯಿಂದ ಚಕ್ರ ಅಡ್ಡ. ಹಾಗಾಗಿ ಹೂಂ ಎನ್ನುವುದೂ ಇರು ಎನ್ನುವುದೂ ಕೂತವರ ಹಕ್ಕು.

ಇದರ ನಡುವೆಯೇ ಅವಳಿಗೊಬ್ಬ ಮಗಳು ಹುಟ್ಟಿದಳು. ಏಳು ತಿಂಗಳು ತುಂಬುವವರೆಗೂ ಹಿಡಿ ಬಿಟ್ಟಿರಲಿಲ್ಲ. ಬಾಣಂತನಕ್ಕೆ ತವರಿಗೆ ಹೋದವಳು ಇನ್ನೊಂದು ವಾರ ಇರೋಣ ಎಂದುಕೊಳ್ಳುವಷ್ಟರಲ್ಲಿ ಗಂಡ ಬಾಗಿಲಲ್ಲಿ ನಿಂತಿದ್ದ. "ಅಮ್ಮ ಕರೀತಿದ್ದಾಳೆ. ಮೂಟೆ ಎಲ್ಲಾ ಹಾಗೇ ಬಿದ್ದಿದೆ." ಆಮೇಲೆ ತವರಿಗೆ ಹೋದಾಗಲೆಲ್ಲ ಇದೇ ಆಯಿತು. ಅವಳ ತಾಯಿಯೇ ಅಳಿಯನ ಗಾಡಿಯ ಸದ್ದು ಕೇಳಿದರೆ, "ನಿನ್ನ ವಾರೆಂಟು ಬಂತು ನೋಡು" ಎನ್ನುತ್ತಿದ್ದಳು. ವರ್ಷಗಳು ಉರುಳಿ ಅವಳ ಬಲಭುಜ ಎಡಭುಜಕ್ಕಿಂತ ದಪ್ಪವಾಯಿತು. ಬಟ್ಟೆ ಹೊಲಿಯುವವಳು ಬಲತೋಳಿಗೆ ಬೇರೆಯೇ ಅಳತೆ ಬರೆದುಕೊಳ್ಳುತ್ತಿದ್ದಳು. ಅವಳು ಅತ್ತೆಗೆ ಎದುರಾಡಿದವಳಲ್ಲ, ಅತ್ತೆ ಅವಳನ್ನು ಹೊಡೆದವರೂ ಅಲ್ಲ, ಉಪವಾಸ ಕೆಡವಿದವರೂ ಅಲ್ಲ. ತಟ್ಟೆಗೆ ಅವಳಿಗೇ ಒಂದು ತುತ್ತು ಹೆಚ್ಚು ಬಡಿಸುತ್ತಿದ್ದರು. ಯಾರ ಮುಂದೆ ಏನೆಂದು ದೂರುವುದು? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ದಿನ ಕಳೆಯುತ್ತಿದ್ದಳು.

ಮಗಳು ಒಂಬತ್ತನೇ ತರಗತಿಗೆ ಬಂದ ವರ್ಷ, ಒಂದು ಸಂಜೆ ಅತ್ತೆ ಮೊಮ್ಮಗಳ ತೋಳು ಹಿಡಿದು ನೋಡಿದರು. "ತಾಯಿಯ ಕೈಯೇ ಬಂದಿದೆ ಇವಳಿಗೂ" ಎಂದರು.

ಅಜ್ಜಿ ಮುದ್ದಿನಿಂದಲೇ ಹೇಳಿದ್ದು. ಹುಡುಗಿ ನಕ್ಕು ತೋಳು ಬಿಡಿಸಿಕೊಂಡು ಓಡಿದಳು. ಒಲೆಯ ಮುಂದಿದ್ದ ಇವಳಿಗೆ ಮಾತ್ರ ಮೈ ತಣ್ಣಗಾಯಿತು.

ಮರುದಿನವೇ ಅವಳು ಇಸ್ತ್ರಿಯವಳನ್ನು ಕೇಳಿದಳು. "ಅಕ್ಕಾ, ನಿಮ್ಮ ತಂಗಿ ಆಸ್ಪತ್ರೆ ಬಟ್ಟೆ ಒಗೆಯೋ ಕಡೆ ಇದ್ದಾಳಲ್ಲ, ಅಲ್ಲಿ ಜನ ಬೇಕಾ?"

"ಯಾಕೆ, ಯಾರಿಗೆ?"

"ನನಗೇ."

ಇಸ್ತ್ರಿಯವಳು ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತು ಒಂದು ಕಾಲರ್ ಸುಟ್ಟಳು. "ನಿನಗೆ ಅಲ್ಲೇನು ಸಿಗುತ್ತೆ? ಇಲ್ಲಿ ಸ್ವಂತ ಕಸುಬಿದೆ."

"ಹೋಗಿ ಬರೋ ಕೆಲಸ ಬೇಕು ಅಕ್ಕಾ. ಬೆಳಿಗ್ಗೆ ಹೋಗಬೇಕು, ಸಂಜೆ ಬರಬೇಕು. ಅಷ್ಟೇ."

ಲಾಂಡ್ರಿಯ ಮೇಸ್ತ್ರಿಣಿ ಅವಳ ತೋಳುಗಳನ್ನು ನೋಡಿಯೇ ಒಪ್ಪಿದಳು. ಒದ್ದೆ ಹೊದಿಕೆ ಎತ್ತಲು ಇಂಥವರೇ ಬೇಕಂತೆ. ಇಲ್ಲೂ ಕೈ ನೋಡಿಯೇ ಕರೆದರಲ್ಲ ಎಂದು ಅವಳಿಗೆ ನಗು ಬಂತು. ಸೋಮವಾರದಿಂದ ಬಾ ಎಂದರು.

ಗಂಡನಿಗೆ ಹೇಳಿದಳು. ಅವನು ಬಹಳ ಹೊತ್ತು ತಲೆ ಕೆರೆದುಕೊಂಡು, "ಅಮ್ಮನ್ನ ಕೇಳು" ಎಂದ.

ಅತ್ತೆಯ ಮುಖಕ್ಕೆ ಮುಖ ಕೊಟ್ಟು ನಿಲ್ಲುವುದು ಮಿಷನ್ನಿನ ಎದುರು ಮಾತ್ರ. ಹಾಗಾಗಿ ಅಲ್ಲೇ ಹೇಳಿದಳು. ಗುರುವಾರ, ಊಟಕ್ಕೆ ಮುಂಚೆ. ಗಂಡ ಸಿಪ್ಪೆಯ ಮೂಟೆಗಳನ್ನು ಹೇರಿಕೊಂಡು ಪ್ಯಾಕಿಂಗ್ ಶೆಡ್ಡಿಗೆ ಹೋಗಿದ್ದ. ಮಗಳು ಶಾಲೆಯಲ್ಲಿ. ಶೆಡ್ಡಿನ ಬಾಗಿಲು ಮುಚ್ಚಿತ್ತು.

"ಅತ್ತೆ, ಸೋಮವಾರದಿಂದ ನಾನು ಬೇರೆ ಕೆಲಸಕ್ಕೆ ಹೋಗ್ತೀನಿ."

ಅತ್ತೆ ತೆನೆ ಇಟ್ಟರು. "ಹೂಂ."

ಅದು ಒಪ್ಪಿಗೆಯ ಹೂಂ ಅಲ್ಲ, ತಿರುಗಿಸು ಎಂಬ ಹೂಂ. ಅವಳು ತಿರುಗಿಸಿದಳು.

"ಆಸ್ಪತ್ರೆ ಬಟ್ಟೆ ಒಗೆಯೋ ಕಡೆ. ಮಾತಾಡಿ ಆಗಿದೆ."

"ಹೂಂ." ಇನ್ನೊಂದು ತೆನೆ.

"ನನ್ನ ಮಾತು ಕೇಳಿಸ್ತಾ?"

"ಹೂಂ. ಹೂಂ." ಅತ್ತೆ ಒಂದರ ಹಿಂದೆ ಒಂದು ತೆನೆ ತುರುಕತೊಡಗಿದರು. ಮುಖ ಎತ್ತಲಿಲ್ಲ. ಎಂದೂ ಇಲ್ಲದ ವೇಗ. ಅವಳೂ ಹಟದಿಂದ ಅದೇ ವೇಗದಲ್ಲಿ ತಿರುಗಿಸಿದಳು. ಒಂದು ತೆನೆಯ ಸಿಪ್ಪೆ ಹಸಿಯಾಗಿತ್ತೋ ಏನೋ, ಉರುಳೆಯ ಬಾಯಲ್ಲಿ ಮುದ್ದೆಯಾಯಿತು. ಚಕ್ರ ಬಿಗಿಯಾದದ್ದು ಅವಳ ಕೈಗೆ ತಿಳಿಯಿತು. ಇರು ಎನ್ನುತ್ತಾರೆ ಎಂದು ಕಾದಳು. ಎನ್ನಲಿಲ್ಲ. ಚಕ್ಕೆ ತೆಗೆದುಕೊಳ್ಳುವ ಬದಲು ಅತ್ತೆ ಬರಿಗೈಯನ್ನೇ ಹಾಕಿ ಸಿಪ್ಪೆಯನ್ನು ಜಗ್ಗಿದರು. ಗಡ್ಡೆ ಆಗಷ್ಟೇ ನೆತ್ತಿ ದಾಟುತ್ತಿತ್ತು. ಮುದ್ದೆ ಬಿಟ್ಟಿತು, ಚಕ್ರ ಮುಂದಕ್ಕೆ ಬಿತ್ತು.

ಅತ್ತೆಯ ಬಾಯಿಂದ ಬಂದದ್ದು ಹೂಂ ಅಲ್ಲ, ಇರು ಅಲ್ಲ, ಅವಳು ಎಂದೂ ಕೇಳಿರದ ಒಂದು ಸದ್ದು.

ಅವಳು ಎರಡೂ ಕೈಯಿಂದ ಹಿಡಿಯನ್ನು ಅಮುಕಿ ನಿಲ್ಲಿಸಿದಳು. ಬಗ್ಗಿ ಚಕ್ರದ ಕಡ್ಡಿಗಳ ನಡುವಿನಿಂದ ನೋಡಿದಳು. ಅತ್ತೆಯ ಬಲಗೈ ಬೆರಳ ಗೆಣ್ಣುಗಳವರೆಗೆ ಉರುಳೆಗಳ ನಡುವೆ ಹೋಗಿತ್ತು. ಹಿಂದಕ್ಕೆ ತಿರುಗಿಸೋಣವೆಂದರೆ ಆ ಕಬ್ಬಿಣದ ನಾಲಿಗೆ ಅಡ್ಡ ನಿಂತಿತ್ತು. ಬಿಟ್ಟು ಓಡೋಣವೆಂದರೆ ಗಡ್ಡೆ ಇಳಿಜಾರಿನಲ್ಲಿತ್ತು. ಹಿಡಿ ಬಿಟ್ಟ ಕ್ಷಣ ಅದು ಬೀಳುತ್ತದೆ, ಕೈಯನ್ನು ಮಣಿಕಟ್ಟಿನವರೆಗೂ ಎಳೆದುಕೊಳ್ಳುತ್ತದೆ.

"ಬಿಡಬೇಡ" ಎಂದರು ಅತ್ತೆ.

"ಬಿಡಲ್ಲ."

ಇಬ್ಬರೂ ಕೂಗಿದರು. ಬೀದಿಯಲ್ಲಿ ವೆಲ್ಡಿಂಗ್ ಅಂಗಡಿಯವನು ಕಬ್ಬಿಣ ಕೊಯ್ಯುತ್ತಿದ್ದ. ಆ ಕರ್ಕಶದ ಮುಂದೆ ಇವರ ದನಿ ತಗಡನ್ನೂ ದಾಟಲಿಲ್ಲ. ಗೋಡೆಯ ಮೊಳೆಗೆ ಹಗ್ಗ ನೇತಾಡುತ್ತಿತ್ತು. ಕಣ್ಣಿಗೆ ಹತ್ತಿರ, ಕೈಗೆ ದೂರ. ಒಂದು ಕಾಲು ಚಾಚಿ ಬುಟ್ಟಿಯನ್ನು ಎಳೆದು ಹಿಡಿಯ ಕೆಳಗೆ ಒಡ್ಡಲು ನೋಡಿದಳು. ಬುಟ್ಟಿ ಮಗುಚಿ ತೆನೆಗಳು ನೆಲದ ತುಂಬ ಉರುಳಿದವು. ಬುಟ್ಟಿಯೂ ಉರುಳಿ ದೂರ ಹೋಯಿತು.

ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಒಬ್ಬಳು ಹಿಡಿದು ನಿಂತಳು, ಒಬ್ಬರು ಸಿಕ್ಕಿಕೊಂಡು ಕೂತರು. ಶೆಡ್ಡು ಬಿಸಿಲಿಗೆ ಕಾಯುತ್ತಿತ್ತು. ಅವಳ ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈಯಿಲ್ಲ. ಅತ್ತೆಯ ಮುಖ ಬಿಳುಪೇರಿತ್ತು.

"ಭುಜ ನೋಯ್ತಿದೆಯಾ?" ಎಂದು ಅತ್ತೆ ಕೇಳಿದರು.

"ನನ್ನ ಭುಜದ ಚಿಂತೆ ಯಾಕೆ? ನಿಮ್ಮ ಕೈ?"

"ಮೊದಲು ಉರೀತಿತ್ತು. ಈಗ ಅದು ನನ್ನದೇ ಅಲ್ಲ ಅನ್ನಿಸ್ತಿದೆ."

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ತಾವಾಗಿಯೇ ಮಾತು ತೆಗೆದರು. ನೋವು ಮರೆಯಲು ಆಡಿದರೋ, ಬಹಳ ದಿನದಿಂದ ಒಳಗಿದ್ದದ್ದು ಹೊರಬಿತ್ತೋ. "ನಿಮ್ಮ ಮಾವ ಇಲ್ಲಿ ಕೂರ್ತಿದ್ದರು. ನಾನು ಅಲ್ಲಿ, ನೀನು ನಿಂತಿರೋ ಕಡೆ. ಆ ಮನುಷ್ಯ ಇರು ಅಂದದ್ದೇ ಕಡಿಮೆ. ನನಗೆ ಸಾಕಾದಾಗ ಹೊಟ್ಟೆನೋವು ಅಂತ ಸುಳ್ಳು ಹೇಳಿ ಬಚ್ಚಲಲ್ಲಿ ಹೋಗಿ ಕೂರ್ತಿದ್ದೆ. ಬಚ್ಚಲೊಂದೇ ನನಗೆ ತವರುಮನೆ."

ಅವಳು ಹಿಡಿಯ ಮೇಲೆ ಅಂಗೈ ಸರಿಪಡಿಸಿಕೊಂಡಳು.

"ನೀನು ಬಂದು ಹಿಡಿ ಹಿಡಿದೆಯಲ್ಲ ಅವತ್ತು, ನನ್ನ ಎದೆ ಮೇಲಿನ ಕಲ್ಲು ಇಳೀತು. ಮಗನಿಗೆ ಹೆಣ್ಣು ಸಿಕ್ಕಿತು ಅಂತ ಅಲ್ಲ. ಇನ್ನು ನಾನು ಕೂರಬಹುದು ಅಂತ."

"ಗೊತ್ತು" ಎಂದಳು ಅವಳು.

"ಗೊತ್ತಿತ್ತಾ?"

"ಇಷ್ಟು ವರ್ಷ ಎದುರಿಗೇ ನಿಂತಿದ್ದೀನಲ್ಲ ಅತ್ತೆ."

ಅವಳ ಎಡಗೈಯ ಬೆರಳುಗಳಿಗೆ ಜೋಮು ಹಿಡಿಯಿತು. ಒಂದು ಗಳಿಗೆ, ಬಿಟ್ಟುಬಿಟ್ಟರೆ ಏನಾಗುತ್ತದೆ ಎಂಬ ಯೋಚನೆ ಬಂತು. ಬರೀ ಯೋಚನೆ, ಬಾಗಿಲಲ್ಲಿ ಇಣುಕಿ ಹೋಗುವ ಅಪರಿಚಿತರ ಹಾಗೆ. ಆದರೂ ಅವಳಿಗೆ ತನ್ನ ಬಗ್ಗೆಯೇ ಭಯವಾಗಿ ಹಿಡಿಯನ್ನು ಹೊಟ್ಟೆಗೆ ಒತ್ತಿಕೊಂಡು, ಮೈಯ ಭಾರವನ್ನೆಲ್ಲ ಅದಕ್ಕೆ ಕೊಟ್ಟು ನಿಂತಳು. ಅತ್ತೆ ಅದನ್ನು ನೋಡಿದರು.

"ಆಗದಿದ್ದರೆ ಬಿಟ್ಟುಬಿಡು. ಕೈ ತಾನೇ, ಹೋದರೆ ಹೋಗಲಿ."

"ಬಾಯಿ ಮುಚ್ಚಿ ಕೂತ್ಕೊಳ್ಳಿ" ಎಂದಳು. ಅತ್ತೆಗೆ ಅವಳು ಹಾಗೆ ಹೇಳಿದ್ದು ಅದೇ ಮೊದಲು. ಅತ್ತೆ ಬಾಯಿ ಮುಚ್ಚಿದರು.

ಬಾಗಿಲು ತೆರೆದದ್ದು ಇಸ್ತ್ರಿಯವಳು. ಕೆಂಡ ಹೊತ್ತಿಸಲು ಒಣ ಸಿಪ್ಪೆ ಬೇಕೆಂದು ಬಂದಿದ್ದಳು. "ಏನು, ಇಬ್ಬರೂ ಊಟಕ್ಕೂ ಏಳಲಿಲ್ವಾ?" ಎನ್ನುತ್ತ ಒಳಗೆ ಬಂದವಳು ಕಂಡದ್ದು ಇಷ್ಟು: ಸೊಸೆ ಹಿಡಿಯ ಮೇಲೆ ಬಿದ್ದು ಅಮುಕಿ ನಿಂತಿದ್ದಾಳೆ, ಅತ್ತೆಯ ಕೈ ಉರುಳೆಯೊಳಗಿದೆ. ಅವಳು ಕಿರುಚಿಕೊಂಡು ವೆಲ್ಡಿಂಗ್ ಅಂಗಡಿಗೆ ಓಡಿದಳು. ಅವನು ಮೊದಲು ಚಕ್ರವನ್ನು ಹಗ್ಗದಿಂದ ಕಂಬಕ್ಕೆ ಬಿಗಿದ, ಆಮೇಲೆ ಉರುಳೆಯ ಬೋಲ್ಟುಗಳನ್ನು ಸಡಿಲಿಸಿ ಕೈಯನ್ನು ಬಿಡಿಸಿದ. "ಇನ್ನು ಬಿಡಮ್ಮ" ಎಂದು ಅವಳಿಗೆ ಹೇಳಿದ. ಅವಳಿಗೆ ಬಿಡಲಾಗಲಿಲ್ಲ. ಬೆರಳುಗಳು ಹಿಡಿಗೆ ಮರಗಟ್ಟಿದ್ದವು. ಅವನೇ ಒಂದೊಂದಾಗಿ ಬಿಡಿಸಬೇಕಾಯಿತು.

ಆಸ್ಪತ್ರೆಯಲ್ಲಿ ಅತ್ತೆಯ ಕೈ ಉಳಿಯಿತು. ಎರಡು ಬೆರಳು ಮಾತ್ರ ಮತ್ತೆಂದೂ ಮಡಚಲಿಲ್ಲ, ಉಳಿದವುಗಳಲ್ಲಿ ಬಲವಿರಲಿಲ್ಲ.

ಬೀದಿಯ ಬಾಯಿಗೆ ಬೀಗ ಹಾಕುವವರು ಯಾರು? ಇಸ್ತ್ರಿಯವಳು ಕೆಟ್ಟವಳಲ್ಲ. ತಾನು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಆದರೆ ಸೋಮವಾರದಿಂದ ಸೊಸೆ ಬೇರೆ ಕೆಲಸಕ್ಕೆ ಹೊರಟಿದ್ದದ್ದೂ ಅವಳಿಗೆ ಗೊತ್ತಿತ್ತು, ಅದನ್ನೂ ಹೇಳಿದಳು. ಕೇಳಿದವರು ಎರಡಕ್ಕೂ ಗಂಟು ಹಾಕಿದರು. ಅತ್ತೆ ಬೇಡ ಅಂದಿದ್ದಾಳೆ, ಸೊಸೆ ಕೈ ಹಿಡಿದು ಒಳಗೆ ತುರುಕಿದ್ದಾಳೆ. ವಾರದೊಳಗೆ ಮಾತು ಆ ಬೀದಿ ದಾಟಿ ಆಚೆ ಬೀದಿಗೂ ಹೋಯಿತು.

ನೋಡಲು ಬಂದವರು ಹಾಸಿಗೆಯ ಪಕ್ಕ ಕೂತು, "ಹೇಗಾಯ್ತು ಇದು?" ಎಂದು ಕೇಳುವರು. ಅತ್ತೆ, "ಆಗಬಾರದ್ದು ಆಯ್ತು" ಎಂದು ಗೋಡೆಯ ಕಡೆಗೆ ತಿರುಗುವರು. ಬಂದವರ ಕಣ್ಣು ಸೊಸೆಯ ಕಡೆಗೆ ತಿರುಗುವುದು. ಮೊದಮೊದಲು ನೋವಿಗೆ ಹಾಗೆ ಮಾಡುತ್ತಾರೆ ಎಂದುಕೊಂಡಳು. ಗಂಡನೂ ಒಂದು ದಿನ ಮೆಲ್ಲಗೆ, "ಸ್ವಲ್ಪ ನೋಡ್ಕೊಂಡು ತಿರುಗಿಸಬಾರದಿತ್ತಾ?" ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ, ಅದೇ ಅವಳನ್ನು ಚುಚ್ಚಿತು. ಕೋಪವಿದ್ದಿದ್ದರೆ ಜಗಳವಾಡಬಹುದಿತ್ತು.

"ಆ ಕಡೆಯಿಂದ ಉರುಳೆ ಕಾಣಲ್ಲ ಅಂತ ನಿಮಗೆ ಗೊತ್ತಿಲ್ವಾ?" ಎಂದಳು.

ಅವನು ತಲೆ ಕೆರೆದುಕೊಂಡ.

ಸೋಮವಾರ ಬಂದು ಹೋಯಿತು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಹೊರಟರೆ ಬೀದಿಯ ಮಾತಿಗೆ ಮೊಹರು ಹಾಕಿದ ಹಾಗೆ. ಲಾಂಡ್ರಿಯ ಮೇಸ್ತ್ರಿಣಿ, "ತಿಂಗಳ ಕೊನೆವರೆಗೂ ಜಾಗ ಇಟ್ಟಿರ್ತೀನಿ, ಆಮೇಲೆ ಆಗಲ್ಲ" ಎಂದು ಹೇಳಿ ಕಳಿಸಿದಳು. ವೆಲ್ಡಿಂಗ್ ಅಂಗಡಿಯವನು ಉರುಳೆಗಳನ್ನು ಮತ್ತೆ ಕೂರಿಸಿಕೊಟ್ಟ. ಗಿರಾಕಿಗಳ ಮೂಟೆ ಕಾಯುತ್ತಿದ್ದವು. ಗಂಡ ತಾಯಿಯ ಮಣೆಯ ಮೇಲೆ ಕೂತ, ಅವಳು ಹಿಡಿಯ ಹಿಂದೆ ನಿಂತಳು. ಅವನು ತೆನೆ ಇಟ್ಟು ಹೂಂ ಎನ್ನಲು ಮರೆಯುವನು. ಅವಳು ಅವನ ಬೆರಳುಗಳ ಮೇಲೇ ಪ್ರಾಣವಿಟ್ಟು ತಿರುಗಿಸುವಳು. ಹೊರಗೆ ಹೋಗಬೇಕೆಂದಿದ್ದವಳು ಹೊಸ್ತಿಲಿನಿಂದ ಇನ್ನೂ ಒಂದು ಹೆಜ್ಜೆ ಒಳಗೆ ಬಿದ್ದಿದ್ದಳು.

ಒಂದು ಮಧ್ಯಾಹ್ನ ಅತ್ತೆಯ ತಲೆ ಬಾಚುತ್ತಿದ್ದಳು. ಬಲಗೈ ಏಳದ ಕಾರಣ ಅದು ಈಗ ಅವಳ ಕೆಲಸವಾಗಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಅತ್ತೆ, ಅವತ್ತು ಇರು ಅನ್ನದೆ ಕೈ ಹಾಕಿದ್ದು ನೀವು. ನಿಮಗೂ ಗೊತ್ತು, ನನಗೂ ಗೊತ್ತು. ಕೇಳಿದವರಿಗೆ ಒಂದು ಮಾತು ಹೇಳಬಾರದಾ?"

ಬಾಚಣಿಗೆ ನಿಂತಿತು.

"ಹೇಳಿದ್ರೆ ನೀನು ಹೋಗ್ತೀಯ" ಎಂದರು ಅತ್ತೆ.

ಕನ್ನಡಿಯಲ್ಲಿ ಅತ್ತೆಯ ಮುಖ ಕಾಣುತ್ತಿತ್ತು. ಹಟವೂ ಇರಲಿಲ್ಲ, ಕಪಟವೂ ಇರಲಿಲ್ಲ. ಕತ್ತಲೆಗೆ ಹೆದರುವವರ ಮುಖದ ಹಾಗಿತ್ತು.

"ಈ ಕೈ ಇಟ್ಕೊಂಡು ನಾನೆಲ್ಲಿಗೆ ಹೋಗಲಿ? ನೀನು ಹೋದರೆ ಮಿಷನ್ನು ನಿಲ್ಲುತ್ತೆ. ಮಿಷನ್ನು ನಿಂತರೆ ನಾನು ಯಾರು ಈ ಮನೇಲಿ? ಕೂತು ತಿನ್ನೋ ಮುದುಕಿ."

ಅವಳು ತಲೆ ಬಾಚಿ ಮುಗಿಸಿದಳು, ಗಂಟು ಹಾಕಿದಳು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳು ಬರುತ್ತದೆ ಎಂದುಕೊಂಡಿದ್ದಳು. ಬಂದದ್ದು ಸಿಟ್ಟು. ಅದನ್ನು ಯಾರ ಮೇಲೆ ಹಾಕುವುದೆಂದು ತಿಳಿಯದೆ ಹೊರಗೆ ಬಂದು ಪಾತ್ರೆ ತಿಕ್ಕಿದಳು.

ತಿಂಗಳು ಮುಗಿಯುತ್ತ ಬಂತು. ಆ ಶನಿವಾರ ಗಂಡ ಹೊರಗೆ ಹೋಗಲೇಬೇಕಿತ್ತು. ಶಾಲೆಯಿಂದ ಬೇಗ ಬಂದ ಮಗಳಿಗೆ, "ಪುಟ್ಟಿ, ಅಜ್ಜಿ ಜಾಗದಲ್ಲಿ ಸ್ವಲ್ಪ ಹೊತ್ತು ಕೂತ್ಕೋ. ನಾಲ್ಕೇ ಮೂಟೆ ಇರೋದು" ಎಂದು ಹೇಳಿ ಹೋದ. ಹುಡುಗಿ ಸಮವಸ್ತ್ರದಲ್ಲೇ ಬಂದು ಮಣೆಯ ಮೇಲೆ ಕೂತಳು. ಅವಳಿಗೆ ಅದೊಂದು ಆಟ. ತೆನೆ ಇಟ್ಟು ಅಜ್ಜಿಯ ದನಿಯನ್ನೇ ಅಣಕಿಸಿ, "ಹೂಂ" ಎಂದಳು.

ತಾಯಿ ಅರ್ಧ ಸುತ್ತು ತಿರುಗಿಸಿದಳು. ಗಡ್ಡೆ ಮೇಲೇರುತ್ತಿತ್ತು. ಬಗ್ಗಿದಾಗ ಚಕ್ರದ ಕಡ್ಡಿಗಳ ನಡುವಿನಿಂದ ಮಗಳ ಬೆರಳುಗಳು ಕಂಡವು. ಇಂಕಿನ ಕಲೆಯ ಎಳೆ ಬೆರಳುಗಳು ಉರುಳೆಯ ಅಂಚಿನಲ್ಲಿದ್ದವು.

"ಇರು" ಎಂದಳು ಅವಳು.

ಹಿಡಿಯ ಕಡೆಯಿಂದ ಆ ಮಾತು ಎಂದೂ ಬಂದಿರಲಿಲ್ಲ. ಮಗಳು ತಬ್ಬಿಬ್ಬಾದಳು. "ಏನಮ್ಮ? ಸಿಕ್ಕೇನೂ ಬಿದ್ದಿಲ್ಲ."

"ಎದ್ದೇಳು. ಕೈ ತೊಳ್ಕೊಂಡು ಓದೋಕೆ ಹೋಗು." ಚಕ್ರವನ್ನು ಕೆಳಕ್ಕಿಳಿಸಿ, ಗಡ್ಡೆ ನೆಲದ ಕಡೆಗೆ ಬಂದು ನಿಂತ ಮೇಲೆ ಹಿಡಿ ಬಿಟ್ಟಳು.

ಸಂಜೆ ಗಂಡ ಬಂದಾಗ ನಾಲ್ಕೂ ಮೂಟೆ ಹಾಗೇ ಇದ್ದವು. ಅವಳು ಅತ್ತೆ ಮತ್ತು ಗಂಡ ಇಬ್ಬರ ಮುಂದೆಯೂ ನಿಂತು ಹೇಳಿದಳು. "ಸೋಮವಾರದಿಂದ ಕೆಲಸಕ್ಕೆ ಹೋಗ್ತೀನಿ. ನೀವು ಹೇಳಿದರೂ ಹೋಗ್ತೀನಿ, ಹೇಳದಿದ್ದರೂ ಹೋಗ್ತೀನಿ ಅತ್ತೆ. ಮಗು ಆ ಮಣೆ ಮೇಲೆ ಕೂರಬಾರದು. ಹಿಡಿ ಕಡೇನೂ ನಿಲ್ಲಬಾರದು."

ಗಂಡ ತಾಯಿಯ ಮುಖ ನೋಡಿದ. ಅಮ್ಮ ಏನೂ ಹೇಳದಿದ್ದರೆ ಯಾವುದಕ್ಕೆ ಆಯ್ತಮ್ಮ ಎನ್ನಬೇಕೆಂದು ತಿಳಿಯದೆ ಅವನು ಕೊನೆಗೆ ಹೆಂಡತಿಯ ಕಡೆ ತಿರುಗಿ, "ಆಯ್ತು" ಎಂದ.

ಅವಳು ಸೋಮವಾರ ಬೀದಿಯಲ್ಲಿ ನಡೆದು ಹೋದಾಗ ಅಂಗಡಿಗಳ ಮುಂದೆ ಮಾತು ನಿಂತಿತು. ಅತ್ತೆಯ ಕೈ ತಿಂದು ಕೆಲಸಕ್ಕೆ ಹೊರಟಳು ಎಂದು ಒಬ್ಬರು ಅಂದದ್ದು ಕಿವಿಗೆ ಬಿತ್ತು. ತಿರುಗಿ ನೋಡಲಿಲ್ಲ.

ಲಾಂಡ್ರಿಯಲ್ಲಿ ಅವಳಿಗೆ ಕೊಟ್ಟದ್ದು ಹೊದಿಕೆ ಮಡಚುವ ಕೆಲಸ. ಇಬ್ಬರು ಎರಡು ತುದಿ ಹಿಡಿದು, ಕೊಡವಿ, ಹತ್ತಿರ ಬಂದು, ತುದಿಗೆ ತುದಿ ಸೇರಿಸಿ ಮತ್ತೆ ದೂರ ಸರಿಯಬೇಕು. ಜೊತೆಗಾತಿ ಬಾಯಿ ಬಡುಕಿ, ದಿನವಿಡೀ ತನ್ನ ಅಳಿಯನ ಕತೆ ಹೇಳಿ ನಗಿಸುವವಳು. ಮೊದಲ ವಾರ ಅವಳು ಹೊದಿಕೆ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದಳು. "ಏನು, ಯಾಕೆ ನಿಂತೆ?" ಎಂದು ಜೊತೆಗಾತಿ ಕೇಳಿದಾಗ, ಹೂಂ ಎನ್ನುವವರಿಗಾಗಿ ಕಾಯುತ್ತಿದ್ದೇನೆಂದು ಅವಳಿಗೇ ಅರಿವಾಗಿ ನಾಚಿಕೆಯಾಯಿತು. ಅತ್ತೆಯ ಕೈಯ ಮಾತು ಅಲ್ಲಿಗೂ ಬಂದು ತಲುಪಿತ್ತು. ಒಂದು ದಿನ ಮೇಸ್ತ್ರಿಣಿಯೇ ಕೇಳಿದಳು. "ನಾನು ಮಾಡಿದ್ದಲ್ಲ" ಎಂದಳು ಅವಳು. ಅದಕ್ಕಿಂತ ಹೆಚ್ಚು ಹೇಳಿದರೆ ಹಾಸಿಗೆ ಹಿಡಿದವರ ಮೇಲೆ ದೂರು ಹೇಳಿದಂತಾಗುತ್ತದೆ, ಯಾರೂ ನಂಬುವುದೂ ಇಲ್ಲ ಎಂದು ಸುಮ್ಮನಾದಳು.

ಗಂಡ ಕೂಲಿಗೆ ಇಬ್ಬರನ್ನು ಕರೆತಂದು ನೋಡಿದ. ಒಬ್ಬನನ್ನು ಚಕ್ರ ಎತ್ತಿ ಒಗೆಯಿತು, ಇನ್ನೊಬ್ಬ ಮಧ್ಯಾಹ್ನದ ಊಟಕ್ಕೆ ಹೋದವನು ಬರಲೇ ಇಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ತೆನೆ ಸುಲಿಯುವ ಕೆಲಸ ನಿಂತಿತು. ಅವನು ಪ್ಯಾಕಿಂಗ್ ಶೆಡ್ಡಿನವರ ಗಾಡಿ ಓಡಿಸತೊಡಗಿದ. ಶೆಡ್ಡಿನ ಬಾಗಿಲು ತೆರೆದಿಟ್ಟರೂ ಅವಳು ಆ ಕಡೆ ಹೋಗುತ್ತಿರಲಿಲ್ಲ. ಬಟ್ಟೆ ಒಣಹಾಕಲು ಕೂಡ ಮಗಳನ್ನೇ ಕಳಿಸುತ್ತಿದ್ದಳು.

ಆದರೂ ಸಂಜೆಯಾದರೆ ಅವಳು ಆ ಮನೆಗೇ ಬರಬೇಕು. ಅತ್ತೆಗೆ ಊಟ ಕಲಸಿ ಕೊಡಬೇಕು, ಗುಂಡಿ ಹಾಕಬೇಕು, ಸ್ನಾನ ಮಾಡಿಸಬೇಕು. ಬೀದಿಯವರು ಅದನ್ನೂ ಪಾಪ ತೊಳೆದುಕೊಳ್ಳುತ್ತಿದ್ದಾಳೆ ಎಂದರು. ಅತ್ತೆ ಸೊಸೆ ಜಗಳವಾಡಲಿಲ್ಲ, ಆ ಮಾತನ್ನು ಮತ್ತೆ ಎತ್ತಲೂ ಇಲ್ಲ. ಹಿಂದೆ ನಡುವೆ ಮಿಷನ್ನಾದರೂ ಇತ್ತು, ಈಗ ಅದೂ ಇರಲಿಲ್ಲ.

ಮೂರು ವರ್ಷದ ಮೇಲೆ ಒಂದು ಭಾನುವಾರ ಅವಳು ಬಚ್ಚಲಲ್ಲಿ ಬಕೆಟ್ಟಿಗೆ ನೀರು ಬಿಡುತ್ತಿದ್ದಳು. ಜಗುಲಿಯ ಮೇಲೆ ಅತ್ತೆ ಬಿಸಿಲು ಕಾಯಿಸುತ್ತ ಕೂತಿದ್ದರು. ಇಸ್ತ್ರಿಯವಳು ಬಂದು ಪಕ್ಕದಲ್ಲಿ ಕೂತು, ಇವಳು ಒಳಗಿದ್ದಾಳೆಂದು ತಿಳಿಯದೆ, "ಸೊಸೆ ಈಗ ಸರಿಯಾಗಿ ನೋಡ್ಕೋತಾಳಾ? ಏನೇ ಆಗಲಿ, ಅವತ್ತು ಹಾಗೆ ಮಾಡಬಾರದಿತ್ತು" ಎಂದದ್ದು ಕೇಳಿಸಿತು.

"ಅವಳು ಅವತ್ತು ಹಿಡಿ ಬಿಟ್ಟಿದ್ದರೆ ನನಗೆ ಈ ಕೈಯೇ ಇರ್ತಿರಲಿಲ್ಲ" ಎಂದರು ಅತ್ತೆ.

ಅವಳು ನಲ್ಲಿ ನಿಲ್ಲಿಸಿದಳು. ಇನ್ನೂ ಏನಾದರೂ ಹೇಳುತ್ತಾರೆಂದು ಬಾಗಿಲಿಗೆ ಕಿವಿಗೊಟ್ಟು ನಿಂತಳು. ಕೈ ಹಾಕಿದವರು ಯಾರು, ಇರು ಅನ್ನದೇ ಇದ್ದವರು ಯಾರು, ಅದು ಬರಲಿಲ್ಲ. "ಹೌದಾ" ಎಂದಳು ಇಸ್ತ್ರಿಯವಳು, ಅಷ್ಟೇನೂ ಆಸಕ್ತಿಯಿಲ್ಲದೆ. ಆಮೇಲೆ ಇದ್ದಿಲು ಸರಿಯಾಗಿ ಉರಿಯುತ್ತಿಲ್ಲ, ಎಲ್ಲಾ ಹಸಿ ಹಸಿ ಕೊಡ್ತಾರೆ ಎಂಬ ಮಾತು ಶುರುವಾಯಿತು.

ಅವಳು ಮತ್ತೆ ನಲ್ಲಿ ಬಿಟ್ಟಳು. ಬಕೆಟ್ಟು ತುಂಬಿತು. ಬಿಸಿನೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿದಳು.

"ನೀರು ಕಾದಿದೆಯಾ?" ಎಂದು ಜಗುಲಿಯಿಂದ ಅತ್ತೆ ಕೇಳಿದರು.

"ಕಾದಿದೆ. ಬನ್ನಿ" ಎಂದಳು.